ಸೋದರಮಾವನೂ ಕ್ಯಾನ್‌ಕೂನ್ ಕಡಲೂ

ನಮ್ಮ ಕಡೆಯ ಮದುವೆಯಲ್ಲಿ ಸೋದರಮಾವನಿಗೆ ಇರುವುದು ಒಂದೇ ಕೆಲಸ: ಹಸೆಮಣೆಗೆ ಹೆಣ್ಣನ್ನು ಕರೆತರುವುದು. ಹಿಂದೆ ಹೆಣ್ಣು ಚಿಕ್ಕವಳಿರುತ್ತಿದ್ದಳು, ಮಾವ ಎತ್ತಿಕೊಂಡೇ ಬರುತ್ತಿದ್ದ. ಈಗ ಮಾವನ ಸೊಂಟ ನೋಡಿ, ಕೈ ಹಿಡಿದು ನಡೆಸಿದರೂ ಸಾಕು ಎಂದು ಪುರೋಹಿತರೇ ವಿನಾಯಿತಿ ಕೊಟ್ಟಿದ್ದಾರೆ. ಎರಡು ನಿಮಿಷದ ಈ ಕೆಲಸಕ್ಕೆ ರೇಷ್ಮೆ ಪಂಚೆ, ಶಲ್ಯ, ಫೋಟೋದಲ್ಲಿ ಮುಂದಿನ ಸಾಲು ಎಲ್ಲವನ್ನೂ ಗಿಟ್ಟಿಸಿಕೊಂಡು ಬಂದವನು ನಾನು. ಅಕ್ಕನ ಮಗಳ ಮದುವೆಯಲ್ಲಿ ಮಾತ್ರ ಹಿಂದಿನದೆಲ್ಲ ಬಡ್ಡಿ ಸಮೇತ ತೀರಿಸಬೇಕಾಯಿತು.

"ನೋಡೋ, ಮದುವೆ ಮೆಕ್ಸಿಕೋದಲ್ಲೇ ಆಗ್ಬೇಕಂತೆ. ಕ್ಯಾನ್‌ಕೂನ್. ಹುಡುಗ ಹುಡುಗಿ ಇಬ್ಬರೂ ಪಟ್ಟು ಹಿಡಿದು ಕೂತಿದ್ದಾರೆ. ನೀನು ಎಕ್ಸೆಲ್ ಚೆನ್ನಾಗಿ ಮಾಡ್ತೀಯಲ್ಲ, ರೆಸಾರ್ಟ್ ನೀನೇ ನೋಡಿಬಿಡು" ಎಂದು ನ್ಯೂಜೆರ್ಸಿಯಿಂದ ಅಕ್ಕ ಫೋನ್ ಮಾಡಿದಳು. ಎಕ್ಸೆಲ್ ಬಲ್ಲವನಿಗೆ ಅಸಾಧ್ಯವಾದದ್ದು ಜಗತ್ತಿನಲ್ಲಿಲ್ಲ ಎಂಬ ಮಾತನ್ನು ನಮ್ಮ ವಂಶದಲ್ಲಿ ಹಬ್ಬಿಸಿದವನು ನಾನೇ. ಈಗ ಬಾಯಿ ತೆಗೆಯುವ ಹಾಗಿರಲಿಲ್ಲ.

ಆಗ ಮೈಸೂರಿನಿಂದ ಬಂದ ದೊಡ್ಡಮ್ಮ ಡಲ್ಲಾಸ್‌ನ ನಮ್ಮ ಮನೆಯಲ್ಲೇ ಇದ್ದರು. "ಕಡಲು ಬೇಕು ಅಂದ್ರೆ ಗೋಕರ್ಣ ಇಲ್ವೇನೋ? ಕಡಲೂ ಇದೆ, ದೇವರೂ ಇದ್ದಾನೆ" ಎಂದರು. ಇದಕ್ಕೆ ನನ್ನ ಬಳಿ ಉತ್ತರ ಇತ್ತು. ಹುಡುಗನ ಗೆಳೆಯರಲ್ಲಿ ಮುಕ್ಕಾಲು ಜನ ಎಚ್-1ಬಿ ವೀಸಾದವರು. ಊರಿಗೆ ಹೋದರೆ ಸ್ಟಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಬಿದ್ದೇವು ಎಂಬ ಹೆದರಿಕೆಗೆ ಸ್ವಂತ ಅಣ್ಣತಮ್ಮಂದಿರ ಮದುವೆಯನ್ನೇ ವೀಡಿಯೋದಲ್ಲಿ ನೋಡಿದವರು. ಕ್ಯಾನ್‌ಕೂನ್ ಆದರೆ ಡಲ್ಲಾಸ್‌ನಿಂದ ಮೂರು ಗಂಟೆಯೊಳಗಿನ ವಿಮಾನ. ಭಾರತದ ಪಾಸ್‌ಪೋರ್ಟ್ ಇದ್ದರೂ ಅದರಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋದವರು ಬೇರೆ ವೀಸಾ ಕೇಳುವುದಿಲ್ಲ. ದೊಡ್ಡಮ್ಮನ ಪ್ರವಾಸಿ ವೀಸಾಗೂ ಬಾಗಿಲು ತೆರೆದಿತ್ತು. ಇದನ್ನೆಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ: "ಅಲ್ಲಿ ಮೊಸರು ಸಿಗುತ್ತಾ?"

ಆ ಪ್ರಶ್ನೆಯನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ. ನಾನು ಹಾಕಿಕೊಂಡದ್ದು ಈಜುಕೊಳದ ಸಂಖ್ಯೆ, ಮರಳಿನ ಬಣ್ಣ, ಕೋಣೆಯಿಂದ ಕಡಲಿಗೆ ಎಷ್ಟು ಹೆಜ್ಜೆ ಎಂಬ ಕಾಲಂಗಳನ್ನು.

ಹುಡುಕುತ್ತಿದ್ದದ್ದು ಆಲ್ ಇನ್‌ಕ್ಲೂಸಿವ್ ರೆಸಾರ್ಟನ್ನು. ಹಾಗೆಂದರೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಒಂದೇ ಸಲ ಕಟ್ಟಿಬಿಡುವುದು. ಆಮೇಲೆ ಊಟ, ತಿಂಡಿ, ಕುಡಿತ, ಈಜು, ಕುಣಿತ ಯಾವುದಕ್ಕೂ ಜೇಬಿಗೆ ಕೈ ಹಾಕುವಂತಿಲ್ಲ. ಇದಕ್ಕೆ ದೊಡ್ಡ ಮಟ್ಟದಲ್ಲಿ ದಾರಿ ಹಾಕಿಕೊಟ್ಟವನು ಬೆಲ್ಜಿಯಂನ ವಾಟರ್ ಪೋಲೋ ಆಟಗಾರ ಜೆರಾರ್ ಬ್ಲಿಟ್ಜ್. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಕ್ಲಬ್ ಮೆಡ್ ಶುರು ಮಾಡಿದ. ಮುಂದೆ ಅವರ ರೆಸಾರ್ಟ್‌ಗಳಲ್ಲಿ ಜನ ಕೊರಳಿಗೆ ಮಣಿ ಹಾಕಿಕೊಂಡು ತಿರುಗುತ್ತ, ಒಂದೊಂದು ಮಣಿ ಕಿತ್ತುಕೊಟ್ಟು ಪಾನೀಯ ತೆಗೆದುಕೊಳ್ಳುತ್ತಿದ್ದರಂತೆ. ಈಗ ಮಣಿಯ ಜಾಗಕ್ಕೆ ಮಣಿಕಟ್ಟಿನ ಬ್ಯಾಂಡು ಬಂದಿದೆ. ಕತ್ತರಿಸದೆ ಬಿಚ್ಚಲು ಬರುವುದಿಲ್ಲ.

ಈ ಏರ್ಪಾಡನ್ನು ನೆಂಟರಿಗೆ ತಿಳಿಸುವುದು ನನ್ನ ಪಾಲಿಗೇ ಬಂತು. ಡೆಸ್ಟಿನೇಷನ್ ಮದುವೆಯಲ್ಲಿ ಕೋಣೆಯ ದುಡ್ಡು ಅತಿಥಿಗಳದೇ ಎಂಬ ಪದ್ಧತಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಸಹಜ. ಅವರ ಅಪ್ಪಅಮ್ಮಂದಿರಿಗೆ ಹಾಗಲ್ಲ. "ಮದುವೆಗೆ ಕರೆದು ಊಟದ ಲೆಕ್ಕ ಕೊಟ್ಟ ಮನೆತನ" ಎಂಬ ಬಿರುದು ಹ್ಯೂಸ್ಟನ್‌ನಿಂದ ಹೊರಟು ಎರಡೇ ದಿನದಲ್ಲಿ ಹಾಸನ ಮುಟ್ಟಿ ವಾಪಸು ಬಂತು. ಆಮೇಲೆ ಚೌಕಾಸಿಯ ಕರೆಗಳು. ಭಾವನ ಸೋದರತ್ತೆಯ ಮಗ ಒಬ್ಬರು ತಾವು ಕುಡಿಯುವುದಿಲ್ಲ, ಆದ್ದರಿಂದ ಅಷ್ಟು ಕಳೆಯಬೇಕು ಎಂದರು. ಮಾಂಸವನ್ನೂ ತಿನ್ನುವುದಿಲ್ಲ, ಅದನ್ನೂ ಕಳೆಯಿರಿ ಎಂದರು. ಕೊನೆಗೆ ಪಂಚಾಂಗ ತೆಗೆದು, "ನಡುವೆ ಏಕಾದಶಿ ಬರುತ್ತೆ ನೋಡಿ, ಆ ದಿನ ನಾನು ಬರೀ ಹಾಲು" ಎಂದರು. ಅವರ ಲೆಕ್ಕ ಹಾಕುತ್ತ ಹೋದರೆ ರೆಸಾರ್ಟಿನವರೇ ಅವರಿಗೆ ಸ್ವಲ್ಪ ದುಡ್ಡು ಕೊಡಬೇಕಾಗುತ್ತಿತ್ತು.

ಬರುತ್ತೀರಾ ಎಂದು ಕೇಳಿದರೆ ನಮ್ಮವರು ಹೌದು, ಇಲ್ಲ ಎರಡನ್ನೂ ಹೇಳುವುದಿಲ್ಲ. "ನೋಡೋಣ, ಬರೋ ಹಾಗೇ ಇದೀವಿ" ಎನ್ನುತ್ತಾರೆ. ರೆಸಾರ್ಟಿನ ಕರಾರಿನಲ್ಲಿ ನೋಡೋಣಕ್ಕೆ ಕಾಲಂ ಇಲ್ಲ. ಹಿಡಿದಿಟ್ಟ ಕೋಣೆಗಳಲ್ಲಿ ನೂರಕ್ಕೆ ಎಂಬತ್ತು ತುಂಬದಿದ್ದರೆ ಖಾಲಿ ಕೋಣೆಯ ಬಾಡಿಗೆಯೂ ನಮ್ಮ ತಲೆಯ ಮೇಲೆಯೇ.

ಮದುವೆಯ ತಿಂಗಳನ್ನು ಗೊತ್ತುಮಾಡುವಾಗ ಪಂಚಾಂಗವೂ ಹವಾಮಾನ ಇಲಾಖೆಯೂ ಸೇರಿಕೊಂಡು ನನ್ನ ಮೇಲೆ ಬಿದ್ದವು. ಮಕ್ಕಳಿಗೆ ರಜೆ ಇರುವುದು ಜೂನ್, ಜುಲೈನಲ್ಲಿ. ಜೂನ್ 1ಕ್ಕೆ ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಶುರುವಾದರೆ ನವೆಂಬರ್ 30ರವರೆಗೂ ಬಿಡುವುದಿಲ್ಲ. 2005ರಲ್ಲಿ ವಿಲ್ಮಾ ಎಂಬ ಚಂಡಮಾರುತ ಇದೇ ಕ್ಯಾನ್‌ಕೂನ್ ತೀರದ ಮರಳನ್ನೇ ಎತ್ತಿಕೊಂಡು ಹೋಗಿತ್ತು. ಆ ಆರು ತಿಂಗಳ ನಡುವೆಯೇ ಆಷಾಢ, ಮುಂದೆ ಪಿತೃಪಕ್ಷ. ಡಿಸೆಂಬರ್‌ನಲ್ಲಿ ಎಲ್ಲರಿಗೂ ರಜೆ ಸಿಗುವ ಹೊತ್ತಿಗೆ ಧನುರ್ಮಾಸ. ಸಂಕ್ರಾಂತಿ ಕಳೆದು ಒಳ್ಳೆಯ ಲಗ್ನ ಬಂತು ಎನ್ನುವಷ್ಟರಲ್ಲಿ ಚಳಿಗೆ ಓಡಿಬಂದ ಕೆನಡಾದವರಿಂದ ಕೋಣೆಗಳೆಲ್ಲ ಭರ್ತಿ, ದರ ಆಕಾಶದಲ್ಲಿ. ಮಾರ್ಚ್‌ನಲ್ಲಿ ಕಾಲೇಜು ಹುಡುಗರ ಸ್ಪ್ರಿಂಗ್ ಬ್ರೇಕ್; ಆ ದಿನಗಳಲ್ಲಿ ಅಲ್ಲಿನ ಕಡಲತೀರಕ್ಕೆ ದೊಡ್ಡಮ್ಮನನ್ನು ಕರೆದೊಯ್ಯುವಂತಿಲ್ಲ. ಉಳಿದದ್ದು ಮೇ. ವೈಶಾಖದಲ್ಲಿ ಮಿಥುನ ಲಗ್ನ, ಬೆಳಗ್ಗೆ ಎಂಟು ಗಂಟೆ. ಅಲ್ಲಿನ ಮದುವೆಗಳೆಲ್ಲ ಸಂಜೆಗೇ ನಡೆಯುವುದರಿಂದ ಬೆಳಗ್ಗೆ ಎಂಟಕ್ಕೆ ಮಂಟಪ ಕೇಳುವವರೇ ಇಲ್ಲವೆಂದು ರಿಯಾಯಿತಿ ಕೊಟ್ಟರು. ಇಡೀ ವ್ಯವಹಾರದಲ್ಲಿ ನಾನು ಉಳಿಸಿದ ದುಡ್ಡು ಅದೊಂದೇ.

ಇನ್ನು ಜಾಗ ನೋಡುವುದು. ಕ್ಯಾನ್‌ಕೂನ್ ಎನ್ನುವುದು ತಾನಾಗಿ ಬೆಳೆದ ಊರಲ್ಲ. 1970ರವರೆಗೆ ಅದು ಬೆರಳೆಣಿಕೆಯ ಜನರಿದ್ದ ಮರಳದಿಬ್ಬ. ಪ್ರವಾಸಿಗರ ಡಾಲರು ಬರಲಿ ಎಂದು ಮೆಕ್ಸಿಕೋದ ಕೇಂದ್ರ ಬ್ಯಾಂಕಿನ ಅಧಿಕಾರಿಗಳು ದೇಶದ ಕರಾವಳಿಯನ್ನೆಲ್ಲ ಅಳೆದು ಸುರಿದು ಆರಿಸಿದ ಜಾಗ. ಒಂದು ಕಡಲತೀರ ಆರಿಸಲು ಒಂದು ದೇಶದ ಬ್ಯಾಂಕು ವರ್ಷಗಟ್ಟಲೆ ತಿಣುಕಿತು. ನಾನು ಒಂದು ಲಾಂಗ್ ವೀಕೆಂಡ್ ಸಾಕು ಎಂದುಕೊಂಡು ಒಬ್ಬನೇ ಹೊರಟೆ. ಹೆಂಡತಿ ತಾನೂ ಬರುತ್ತೇನೆ ಎಂದಳು. "ಇದು ಮಜಾ ಮಾಡುವ ಪ್ರವಾಸ ಅಲ್ಲ, ಕೆಲಸ" ಎಂದೆ.

ರೆಸಾರ್ಟಿನವರು ಪರಿಶೀಲನೆಗೆ ಬಂದವನೆಂದು ನನಗೂ ಬ್ಯಾಂಡ್ ಕಟ್ಟಿದರು. ಅದು ಕೈಗೆ ಬಿದ್ದ ಕ್ಷಣದಿಂದ ನಾನು ಪರಿಶೀಲಿಸಿದ್ದು ನನ್ನ ಹೊಟ್ಟೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಮಾತ್ರ. ನೀರೊಳಗೆ ಕಲ್ಲಿನ ಸ್ಟೂಲು, ಅದರ ಮೇಲೆ ಎದೆಮಟ್ಟ ಮುಳುಗಿ ಕೂತರೆ ಎದುರಿಗೆ ಬಾರು. ಅಲ್ಲಿ ಕೂತೇ ಎಕ್ಸೆಲ್ ತುಂಬಿದೆ. ಎಲ್ಲ ಕಾಲಂಗೂ ಹತ್ತಕ್ಕೆ ಹತ್ತು. ಗೇಟಿನ ಫಲಕದಲ್ಲಿ ರೆಸಾರ್ಟಿನ ಹೆಸರಿನ ಕೆಳಗೆ 18+ ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು; ಹದಿನೆಂಟಕ್ಕೂ ಮೀರಿ ರೆಸ್ಟೋರೆಂಟುಗಳಿವೆ ಎಂದು ತಿಳಿದು ಅದನ್ನೂ ಬರೆದುಕೊಂಡೆ. ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಅಲ್ಲಿನ ಶಾಂತಿ. ಊಟದ ಹಾಲ್‌ನಲ್ಲಿ ತಟ್ಟೆ ಬೀಳುವ ಸದ್ದಿಲ್ಲ, ಕೊಳದಲ್ಲಿ ಕಿರುಚಾಟವಿಲ್ಲ, ಇದ್ದಷ್ಟು ದಿನವೂ ಒಂದು ಮಗು ಅತ್ತದ್ದು ಕೇಳಲಿಲ್ಲ. ಆಡಳಿತ ಅಂದರೆ ಇದು ಎಂದು ಅಕ್ಕನಿಗೆ ಮೆಸೇಜ್ ಹಾಕಿದೆ.

ಊಟದ ಪರೀಕ್ಷೆಯನ್ನು ನಾನು ಹಗುರವಾಗಿ ತೆಗೆದುಕೊಂಡೆ ಎಂದು ಯಾರೂ ಹೇಳುವಂತಿಲ್ಲ. ಮಾಂಸ ಬೇಡ ಎಂದು ಹೇಳಿದ್ದಕ್ಕೆ ಬಿಸಿಬಿಸಿ ಕಾರ್ನ್ ಟೋರ್ಟಿಯಾ, ಕೆಂಪನ್ನ, ನುಣ್ಣಗೆ ಅರೆದು ಹುರಿದ ಕಪ್ಪು ಹುರುಳಿಕಾಯಿ ಬೀಜದ ಗೊಜ್ಜು ತಂದಿಟ್ಟರು. ಆ ಗೊಜ್ಜಿಗೆ ಏನೋ ಒಂದು ಘಮ, ಏನೋ ಒಂದು ಜಿಡ್ಡು, ನಾಲಿಗೆ ಬಿಡದ ರುಚಿ. ಮೂರು ಹೊತ್ತೂ ಅದನ್ನೇ ಹಾಕಿಸಿಕೊಂಡೆ. "ತುಪ್ಪಾನೂ ಮೀರಿಸೋ ಹಾಗಿದೆ, ಪಕ್ಕಾ ಸಸ್ಯಾಹಾರ, ನಮ್ಮ ಪುರೋಹಿತರೂ ಧಾರಾಳವಾಗಿ ತಿನ್ನಬಹುದು" ಎಂದು ಫೋಟೋ ಸಮೇತ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹೊರಡುವ ದಿನ ಅಡುಗೆಯವರನ್ನು ಹೊಗಳಿ, ಇದರ ಗುಟ್ಟೇನು ಎಂದು ಕೇಳಿದೆ. ಆತ ಹೆಮ್ಮೆಯಿಂದ ಒಂದು ಡಬ್ಬಿ ತಂದು ತೋರಿಸಿದ. ಬೆಣ್ಣೆಯಷ್ಟು ಬೆಳ್ಳಗಿತ್ತು. ಮುಚ್ಚಳದ ಮೇಲೆ ನಗುತ್ತಿದ್ದ ಹಂದಿಯ ಚಿತ್ರ. ಅನ್ನ ಬೇಯಿಸಿದ್ದು ಕೋಳಿ ಬೇಯಿಸಿದ ನೀರಿನಲ್ಲಿ ಎಂಬುದನ್ನು ಆತ ತಾನಾಗಿಯೇ ಸೇರಿಸಿದ. ತಟ್ಟೆಯಲ್ಲಿ ಮಾಂಸದ ತುಂಡು ಬೇಡ ಎಂದಿದ್ದೆ, ಅವರು ಹಾಕಿರಲಿಲ್ಲ. ಮಾತಿಗೆ ತಪ್ಪಿದವರು ಯಾರೂ ಇಲ್ಲ.

ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋಗೆ ಮೂವತ್ತು ಜನ ಕೈ ಮುಗಿದಿದ್ದರು. ಅಳಿಸಲು ಹೋದರೆ ಹೊತ್ತು ಮೀರಿತ್ತು.

ಎಣ್ಣೆಯಲ್ಲೇ ಮಾಡಿಕೊಡುತ್ತೇವೆ ಎಂದು ಅವರು ಬರೆದುಕೊಟ್ಟ ಮೇಲೆ ಕರಾರಿಗೆ ಸಹಿ ಹಾಕಿ, ಮುಂಗಡ ಕೊಟ್ಟು ಮನೆಗೆ ಬಂದೆ. ಫೋಟೋಗಳನ್ನು ತೋರಿಸುತ್ತಿದ್ದಾಗ ಹೆಂಡತಿ, "ಎಲ್ಲ ಸರಿ, ಮಕ್ಕಳಿಗೆ ಏನಿದೆ ಅಲ್ಲಿ?" ಎಂದಳು. ಮಕ್ಕಳು ಎಲ್ಲೂ ಕಾಣಲಿಲ್ಲ ಎಂದೆ. ಅವಳು ಗೇಟಿನ ಫೋಟೋವನ್ನು ಎರಡು ಬೆರಳಿಂದ ಹಿಗ್ಗಿಸಿದಳು. ಮಾತಾಡಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದಳು, ಅಷ್ಟೆ. ಹದಿನೆಂಟು ತುಂಬದವರಿಗೆ ಆ ಗೇಟಿನೊಳಗೆ ಪ್ರವೇಶವೇ ಇಲ್ಲ. ನಮ್ಮ ಪಟ್ಟಿಯಲ್ಲಿ ಕೈಗೂಸುಗಳೇ ನಾಲ್ಕಿದ್ದವು. ಕಳಶ ಹಿಡಿಯಬೇಕಾದ ಕನ್ನಿಕೆಗೆ ಒಂಬತ್ತು ವರ್ಷ. ಮುಂಗಡ ವಾಪಸಿಲ್ಲ ಎಂದರು ರೆಸಾರ್ಟಿನವರು. ಬೇಕಾದರೆ ಅದೇ ದುಡ್ಡಿಗೆ ಒಂದು ವರ್ಷದೊಳಗೆ ಇಬ್ಬರು ವಯಸ್ಕರು ಬಂದು ತಂಗಬಹುದಂತೆ.

ಎರಡನೆಯ ರೆಸಾರ್ಟನ್ನು ಫೋನಿನಲ್ಲೇ ಗೊತ್ತುಮಾಡಿದೆ. ಕೇಳಿದ ಪ್ರಶ್ನೆ ಒಂದೇ, ಮಕ್ಕಳು ಬರಬಹುದೇ ಎಂದು. ಬರಬಹುದು ಎಂದರು. ಸಹಿ ಹಾಕಿದೆ. ಸೊಸೆಗೆ ಫೋನ್ ಮಾಡಿ, "ಪುಟ್ಟಿ, ಲಗ್ನ ಬೆಳಗ್ಗೆ ಆದರೇನಂತೆ, ಸಂಜೆ ಕಡಲಲ್ಲಿ ಸೂರ್ಯ ಮುಳುಗುವಾಗ ಫೋಟೋ ತೆಗೆಸೋಣ" ಎಂದು ಆಶ್ವಾಸನೆಯನ್ನೂ ಕೊಟ್ಟೆ. "ಮಾಮ, ಕ್ಯಾನ್‌ಕೂನ್ ಕಡಲು ಇರೋದು ಪೂರ್ವಕ್ಕೆ" ಎಂದಳು ಅವಳು. ನಿಜ. ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಮುಳುಗುವುದು ಹೋಟೆಲುಗಳ ಬೆನ್ನಿಗಿರುವ ಲಗೂನಿನ ಕಡೆ. ಮಲ್ಪೆ, ಗೋಕರ್ಣ ನೋಡಿ ಬೆಳೆದವನಿಗೆ ಕಡಲೆಂದರೆ ಪಶ್ಚಿಮ.

ಮದುವೆಗೆ ಮೊದಲು ಕಡಲು ಇನ್ನೊಂದು ಉಡುಗೊರೆ ತಂದು ಹಾಕಿತು. ಸಾರ್ಗಾಸಮ್ ಎಂಬ ಕಂದು ಬಣ್ಣದ ತೇಲುಪಾಚಿ. 2011ರಿಂದೀಚೆಗೆ ಅದು ಆಫ್ರಿಕಾದ ಕಡೆಯಿಂದ ಕೆರೀಬಿಯನ್‌ವರೆಗೆ ಉಪಗ್ರಹಕ್ಕೂ ಕಾಣುವಷ್ಟು ಉದ್ದದ ಪಟ್ಟಿಯಾಗಿ ಬೆಳೆದು, ಬೇಸಿಗೆ ಬಂತೆಂದರೆ ಈ ತೀರಕ್ಕೆ ರಾಶಿರಾಶಿಯಾಗಿ ಬಡಿಯುತ್ತದೆ. ಮೆಕ್ಸಿಕೋದ ನೌಕಾಪಡೆಯೇ ಬಲೆ, ದೋಣಿ ಹಿಡಿದು ಅದರ ಮೇಲೆ ಯುದ್ಧಕ್ಕೆ ನಿಂತಿದೆ. ದ್ವೀಪಗಳ ಮರೆಯಲ್ಲಿರುವ ತೀರಗಳಿಗೆ ಅದರ ಕಾಟ ಕಡಿಮೆ ಎಂಬ ವಿಷಯ ಮರಳಿನ ಬಣ್ಣಕ್ಕೆ ಅಂಕ ಕೊಟ್ಟವನಿಗೆ ಗೊತ್ತಿರಬೇಕಿತ್ತು. ಪಾಚಿ ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಬಸ್ಸಿನಿಂದ ಇಳಿದ ದೊಡ್ಡಮ್ಮ ಮೂಗಿಗೆ ಸೆರಗು ಹಿಡಿದು, "ಇದೂ ಸೇರಿಯೇ ದುಡ್ಡು ತಗೊಂಡ್ರಾ?" ಎಂದರು.

ಅವರ ಕೋಣೆಯ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ರೆಸಾರ್ಟಿನಲ್ಲಿ ಪ್ರತಿ ಕೋಣೆಯ ಚಿಕ್ಕ ಫ್ರಿಜ್ಜಿಗೆ ದಿನವೂ ಬಿಯರ್ ತುಂಬಿಸುತ್ತಾರೆ. ಕೇಳಿದರೂ ತುಂಬಿಸುತ್ತಾರೆ, ಬೇಡವೆಂದರೂ ತುಂಬಿಸುತ್ತಾರೆ. ದೊಡ್ಡಮ್ಮ ಮೊದಲ ದಿನ ಫ್ರಿಜ್ಜಿನ ಬಾಗಿಲು ತೆಗೆದವರೇ ಬಾಟಲಿಗಳನ್ನೆಲ್ಲ ಟವಲಿನಲ್ಲಿ ಹಿಡಿದು ತೆಗೆದು ಮಂಚದ ಕೆಳಗೆ ಸಾಲಾಗಿ ನಿಲ್ಲಿಸಿ, ಫ್ರಿಜ್ಜಿನ ಒಳಗನ್ನು ಒರೆಸಿ, ಅದರ ಮೇಲೆ ರಾಘವೇಂದ್ರ ಸ್ವಾಮಿಗಳ ಫೋಟೋ ಇಟ್ಟರು. ಮಾರನೆಯ ದಿನ ಬಂದ ಹುಡುಗ ಖಾಲಿ ಫ್ರಿಜ್ಜು ನೋಡಿ, ವಯಸ್ಸಾದ ಹೆಂಗಸಿನ ಶಕ್ತಿಗೆ ಬೆರಗಾಗಿ, ಎರಡರಷ್ಟು ತುಂಬಿಸಿ ಹೋದ. ದೊಡ್ಡಮ್ಮ ಅದನ್ನೂ ಮಂಚದ ಕೆಳಗೆ ಜೋಡಿಸಿದರು. ಅಂದಿನಿಂದ ನಮ್ಮ ವಂಶದ ಹುಡುಗರಿಗೆ ಹಿರಿಯರ ಮೇಲೆ ಹುಟ್ಟಿದ ಭಕ್ತಿಯನ್ನು ನೋಡಬೇಕಿತ್ತು. ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ಗುಂಪುಗುಂಪಾಗಿ ದೊಡ್ಡಮ್ಮನ ಕಾಲು ಒತ್ತಲು ಬರುತ್ತಿದ್ದರು. ಬಾರಿನಲ್ಲೂ ಅದೇ ಬಿಯರು ಬಿಟ್ಟಿಯೇ. ಆದರೆ ಅಲ್ಲಿ ಅವರವರ ಅಪ್ಪಂದಿರು ಕೂತಿರುತ್ತಿದ್ದರು.

ಮೊಸರಿನ ಸಮಸ್ಯೆಯನ್ನು ಅವರೇ ಬಗೆಹರಿಸಿಕೊಂಡರು. ಬೆಳಗಿನ ಬಫೆಯಿಂದ ಬಿಸಿ ಹಾಲು ತರಿಸಿದರು. ಹೆಪ್ಪಿಲ್ಲ. ಅಡುಗೆಮನೆಯಿಂದ ನಾಲ್ಕು ಮೆಣಸಿನಕಾಯಿ ಕೇಳಿ, ತೊಟ್ಟು ಮುರಿದು ಹಾಲಿಗೆ ಹಾಕಿದರು. ಶಾಂಪೇನ್ ತಣ್ಣಗಿಡಲು ಕೊಟ್ಟಿದ್ದ ಐಸ್ ಬಕೆಟ್ಟಿನಲ್ಲಿ ಅದನ್ನಿಟ್ಟು ಮುಚ್ಚಳ ಬಿಗಿದು, ಬಾತ್‌ರೋಬಿನಲ್ಲಿ ಸುತ್ತಿ, ಬಾಲ್ಕನಿಯ ಬಿಸಿಲಿಗೆ ಕೂರಿಸಿದರು. ಸಂಜೆಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ನೋಡಲು ಬಂದ ಅಡುಗೆಯವರ ಮುಂದೆ ನಾನು ನನ್ನ ಓದನ್ನು ಬಿಚ್ಚಿದೆ: ಮೆಣಸಿನಕಾಯಿ, ಟೊಮೇಟೊ, ಸೀಮೆಬದನೆ, ಸಪೋಟ ಎಲ್ಲದರ ತವರೂ ಮೆಕ್ಸಿಕೋದ ಕಡೆಯೇ, ಪೋರ್ಚುಗೀಸರು ಬರುವವರೆಗೆ ನಮಗೆ ಕಾಳುಮೆಣಸೇ ಗತಿಯಾಗಿತ್ತು. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಎಲ್ಲ ಸಾಮಾನೂ ಇವರದ್ದೇ ಆದ್ರೆ ಒಂದು ಸಾರು ಮಾಡೋಕೆ ಇವರಿಗೇನು ಬಂದಿದೆ?" ಎಂದರು.

ಮದುವೆಯ ದಿನ ಗೇಟಿನಲ್ಲಿ ಪುರೋಹಿತರನ್ನು ತಡೆದರು. ಅವರು ಉಳಿದುಕೊಂಡದ್ದು ಊರೊಳಗೆ ಪರಿಚಯದವರ ಮನೆಯಲ್ಲಿ. ಕೈಯಲ್ಲಿ ಬ್ಯಾಂಡ್ ಇಲ್ಲ. ನಾನು ಓಡಿಹೋಗಿ ಡೇ ಪಾಸ್ ಕೊಂಡೆ. ಅವರ ಬಲಗೈಗೆ ಕಿತ್ತಳೆ ಬಣ್ಣದ ಪಟ್ಟಿ ಬಿತ್ತು, ಸಂಜೆ ಆರರವರೆಗೆ ಯಾವ ಬಾರಿನಲ್ಲಿ ಬೇಕಾದರೂ ಎಷ್ಟು ಬೇಕಾದರೂ ಕುಡಿಯಬಹುದು ಎಂಬ ಅನುಮತಿಯೊಡನೆ. ಅದೇ ಕೈಯಿಂದ ಅವರು ಸಂಕಲ್ಪ ಮಾಡಿಸಿದರು. ವಧೂವರರ ಕೈಯಲ್ಲೂ ಮೇಲೆ ಅರಿಶಿನದ ಕಂಕಣ, ಕೆಳಗೆ ರೆಸಾರ್ಟಿನ ಬ್ಯಾಂಡು.

ರೆಸಾರ್ಟಿನ ಕಡೆಯಿಂದ ಉಸ್ತುವಾರಿಗೆ ಬಂದಿದ್ದ ಹುಡುಗಿ ಬಹಳ ಜಾಣೆ. ಬೆಂಕಿ ಎಷ್ಟು ಎತ್ತರ ಏಳುತ್ತದೆ, ಎಷ್ಟು ನಿಮಿಷ ಉರಿಯುತ್ತದೆ ಎಂದು ತಿಂಗಳ ಮೊದಲೇ ಕೇಳಿ ಬರೆದುಕೊಂಡಿದ್ದಳು. ಹೋಮಕುಂಡದ ಪಕ್ಕದಲ್ಲಿ ಕೆಂಪು ಸಿಲಿಂಡರ್ ಹಿಡಿದ ಒಬ್ಬ ನಿಂತೇ ಇದ್ದ. ಪುರೋಹಿತರು ಒಂದೊಂದು ಚಮಚ ತುಪ್ಪ ಹಾಕಿದಾಗಲೂ ಅವನು ಒಂದೊಂದು ಹೆಜ್ಜೆ ಮುಂದೆ ಬರುತ್ತಿದ್ದ. ಲಾಜಾಹೋಮಕ್ಕೆಂದು ತೆಗೆದಿಟ್ಟ ಅರಳಿನಲ್ಲಿ ಉಳಿದದ್ದಕ್ಕಿಂತ ಕಡಲಗಾಳಿಗೆ ಹಾರಿದ್ದೇ ಹೆಚ್ಚು, ಅದನ್ನು ತಿನ್ನಲು ಕಪ್ಪು ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ಕೋವಾಟಿ ಎಂಬ ಉದ್ದ ಮೂತಿಯ ಪ್ರಾಣಿ ಬಂತು. ಅದು ಮಂಟಪವನ್ನೆಲ್ಲ ಒಮ್ಮೆ ಮೂಸಿ ನೋಡಿ, ತಾಂಬೂಲದ ತಟ್ಟೆಯಿಂದ ಬಾಳೆಹಣ್ಣಿನ ಜೋಡಿಯನ್ನು ಎತ್ತಿಕೊಂಡು ಬಾಲ ನೆಟ್ಟಗೆ ಮಾಡಿ ಹೋಯಿತು. ಹೆಣ್ಣನ್ನು ಕರೆತರುತ್ತಿದ್ದ ನಾನು ಅದಕ್ಕೆ ದಾರಿ ಬಿಟ್ಟು ನಿಲ್ಲಬೇಕಾಯಿತು.

ಮಂಗಳವಾದ್ಯಕ್ಕೆ ಬ್ಲೂಟೂತ್ ಸ್ಪೀಕರಿನಲ್ಲಿ ನಾದಸ್ವರದ ವ್ಯವಸ್ಥೆ ಮಾಡಿದ್ದೆ. ಚಾರ್ಜ್ ಮಾಡಿರಲಿಲ್ಲ. "ಗಟ್ಟಿಮೇಳ, ಗಟ್ಟಿಮೇಳ" ಎಂದು ಪುರೋಹಿತರು ಕೈ ಎತ್ತಿದಾಗ ಅದು ಕುಂಯ್ ಎಂದು ಆರಿಹೋಯಿತು. ಭಾವ ನನ್ನನ್ನು ನೋಡಿದ ನೋಟ ಈಗಲೂ ಆಗಾಗ ಕನಸಿನಲ್ಲಿ ಬರುತ್ತದೆ. ಪ್ಯಾಕೇಜಿನಲ್ಲಿ ಒಂದು ಗಂಟೆ ಮರಿಯಾಚಿ ವಾದ್ಯದವರು ಪುಕ್ಕಟೆ ಇದ್ದರು. ಆರತಕ್ಷತೆಗೆಂದು ನಾನು ಫಾರಂನಲ್ಲಿ ಎಂಟು ಗಂಟೆ ಎಂದು ಬರೆದಿದ್ದೆ, ಬೆಳಗ್ಗೆಯೋ ರಾತ್ರಿಯೋ ಬರೆದಿರಲಿಲ್ಲ. ಬೆಳ್ಳಿಗುಂಡಿಯ ಕಪ್ಪು ಕೋಟು, ತಟ್ಟೆಯಗಲದ ಟೋಪಿ ಹಾಕಿಕೊಂಡ ಅವರು ಪಾಪ ಬೆಳಗ್ಗೆಯೇ ಬಂದು ತೆಂಗಿನ ಮರದ ಕೆಳಗೆ ತೂಕಡಿಸುತ್ತಿದ್ದರು. ನಾನು ಅತ್ತ ತಿರುಗಿ ಎರಡೂ ಕೈ ಮೇಲೆತ್ತಿ ಬೀಸಿದೆ. ಎರಡು ಟ್ರಂಪೆಟ್ಟು, ಮೂರು ಪಿಟೀಲು, ಹೊಟ್ಟೆ ದಪ್ಪದ ಗಿಟಾರು ಒಟ್ಟಿಗೆ ಎದ್ದವು. ತಾಳಿ ಬಿದ್ದದ್ದು ಆ ಅಬ್ಬರದಲ್ಲಿ. ಅಕ್ಷತೆ ಹಾಕಿದವರೆಲ್ಲ ಎಂಟು ಗಂಟೆಯ ಬಿಸಿಲು ಮುಖಕ್ಕೆ ರಾಚಿ ಕಣ್ಣು ಮುಚ್ಚಿಕೊಂಡಿದ್ದಾರೆ. ಆಲ್ಬಮ್ಮಿನಲ್ಲಿ ಎಲ್ಲರೂ ಧ್ಯಾನದಲ್ಲಿರುವಂತೆ ಕಾಣುತ್ತಾರೆ. ಹುಡುಗನ ಅಜ್ಜಿ ಮಾತ್ರ ನನ್ನನ್ನು ಕರೆದು, "ಈ ಊರಿನ ಓಲಗದವರು ಉಸಿರು ಚೆನ್ನಾಗಿ ಹಿಡೀತಾರೆ" ಎಂದರು.

ಖಾಲಿ ಉಳಿದ ಕೋಣೆಗಳ ಬಿಲ್ಲನ್ನು ಭಾವ ಮಾತಿಲ್ಲದೆ ಕಟ್ಟಿದರು. "ನೋಡೋಣ" ಎಂದವರಲ್ಲಿ ಅರ್ಧ ಜನ ಬಂದಿರಲಿಲ್ಲ. ಬಂದವರಲ್ಲಿ ಏಕಾದಶಿಯವರು ಮೂರು ಹೊತ್ತೂ ಬಫೆಯ ಮುಂದೆ ಮೊದಲಿಗರಾಗಿದ್ದರು.

ಮೊದಲ ರೆಸಾರ್ಟಿನ ಮುಂಗಡದ ವಿಷಯ ನಾಲ್ಕಾರು ತಿಂಗಳ ಮೇಲೆ ಎದ್ದಿತು. ದುಡ್ಡು ಸುಮ್ಮನೆ ಹಾಳಾಗುತ್ತದಲ್ಲ, ಇಬ್ಬರು ವಯಸ್ಕರು ಹೋಗಬಹುದಂತಲ್ಲ ಎಂದು ನಾನೇ ಮೆಲ್ಲಗೆ ಹೆಂಡತಿಯ ಕಿವಿಗೆ ಹಾಕಿದೆ. ಅವಳಿಗೂ ಅದು ಸರಿ ಎನಿಸಿತು. ಹದಿನೆಂಟು ತುಂಬಿದವರು ಮನೆಯಲ್ಲಿ ಮೂವರಿದ್ದೆವು. ಅವಳು ದೊಡ್ಡಮ್ಮನನ್ನು ಕರೆದುಕೊಂಡು ಹೋದಳು. "ಇದು ಕೆಲಸ ಅಲ್ಲ, ಮಜಾ ಮಾಡುವ ಪ್ರವಾಸ, ನಿಮಗೆ ಹಿಡಿಸೋದಿಲ್ಲ" ಎಂದಳು.

ತಲುಪಿದ ಮಾರನೆಯ ದಿನ ಫೋನ್ ಮಾಡಿ ಹೇಗಿದೆ ಎಂದು ಕೇಳಿದೆ. ದೊಡ್ಡಮ್ಮನ ದನಿಯಲ್ಲಿ ಬೇಸರವಿತ್ತು.

"ಎಲ್ಲ ಚೆನ್ನಾಗಿದೆ ಕಣೋ. ಫ್ರಿಜ್ಜು ಇಲ್ಲೂ ದಿನಾ ತುಂಬಿಸಿ ಹೋಗ್ತಾರೆ. ಹುಡುಗರೇ ಇಲ್ಲವಲ್ಲ, ಖಾಲಿ ಮಾಡೋಕೆ ಯಾರನ್ನ ಕರೀಲಿ?"